ಲಾಗಿನ್ ಆಗಿದೆ, ವಿಂಡೋ ಬರುತ್ತಿಲ್ಲ: ದೂರದ ಕಂಪ್ಯೂಟರಿನ ಪ್ರೋಗ್ರಾಮನ್ನು ಮನೆಯ ಪರದೆಗೆ ತರುವುದು ಹೇಗೆ?

ಬೇಸಿಗೆಯ ಸಂಜೆ ಕರೆಂಟು ಹೋಗಿ ಬಂದ ಮೇಲೆ ಚಂದಾಪುರದ ನಮ್ಮ ಮನೆಗೆ ಬರುವ ಫೋನುಗಳಲ್ಲಿ ಒಂದು ಮಾತು ಪದೇ ಪದೇ ಕೇಳುತ್ತದೆ: “ಸರ್, ಲಾಗಿನ್ ಆಗ್ಯಾದ್ರಿ. ಖರೆ ವಿಂಡೋನೇ ಬರಲ್ಲಾಗ್ಯಾದ!”

ಮಾತಾಡುವವರು ಬೇರೆ ಬೇರೆ. ಸೇಡಂನ ಮನೆಯಲ್ಲಿ ಕೂತು ಕಾಲೇಜಿನ ಲ್ಯಾಬಿನ ಲಿನಕ್ಸ್ ಯಂತ್ರಕ್ಕೆ ಸೇರಿಕೊಂಡ ಇಂಜಿನಿಯರಿಂಗ್ ವಿದ್ಯಾರ್ಥಿನಿ. ಬೆಂಗಳೂರಿನ ಚಿಪ್ ವಿನ್ಯಾಸದ ಕೆಲಸವನ್ನು ವಾಡಿಯಿಂದಲೇ ಮಾಡುವ ಯುವಕ. ದೊಡ್ಡ ಸಂಸ್ಥೆಯ ಸೂಪರ್ ಕಂಪ್ಯೂಟರಿನಲ್ಲಿ ಲೆಕ್ಕ ಓಡಿಸಿ, ಅದರ ನಕ್ಷೆಯನ್ನು ಊರಲ್ಲೇ ನೋಡಬೇಕೆಂದಿರುವ ಸಂಶೋಧಕ. ಪಾಸ್‌ವರ್ಡ್ ಒಪ್ಪಿಗೆಯಾಗುತ್ತದೆ, ಕಪ್ಪು ಪರದೆಯಲ್ಲಿ ಆದೇಶಗಳೆಲ್ಲ ನಡೆಯುತ್ತವೆ. ಚಿತ್ರ, ಬಟನ್, ಮೆನು ಇರುವ ಪ್ರೋಗ್ರಾಮನ್ನು ಕರೆದ ಕೂಡಲೇ ಒಂದು ಸಾಲು ಬಂದು ನಿಲ್ಲುತ್ತದೆ: ‘ಕಾಂಟ್ ಓಪನ್ ಡಿಸ್‌ಪ್ಲೇ’. ಪರದೆ ತೆರೆಯಲಾಗುತ್ತಿಲ್ಲ ಎಂದರ್ಥ.

ಹೊಲಕ್ಕೆ ನೀರು ಬರದಿದ್ದರೆ ಯಾವ ರೈತನೂ ಮೊದಲ ದಿನವೇ ಹೊಸ ಬೋರ್‌ವೆಲ್ ಕೊರೆಸುವುದಿಲ್ಲ. ಫ್ಯೂಸ್ ನೋಡುತ್ತಾನೆ, ಸ್ಟಾರ್ಟರ್ ನೋಡುತ್ತಾನೆ, ಪೈಪಿನ ಜೋಡು ನೋಡುತ್ತಾನೆ, ಕಡೆಗೆ ಮೋಟಾರು ಎತ್ತಿಸುತ್ತಾನೆ. ನಮ್ಮ ಹುಡುಗರು ಮಾತ್ರ ವಿಂಡೋ ಬರಲಿಲ್ಲವೆಂದರೆ ನೇರವಾಗಿ ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಲು ಕೂರುತ್ತಾರೆ. ಅದು ಬೇಕಾಗಿಲ್ಲ. ದೂರದ ಪ್ರೋಗ್ರಾಮು ನಿಮ್ಮ ಪರದೆಗೆ ಬರುವ ದಾರಿಯಲ್ಲಿ ಐದು ಬಾಗಿಲುಗಳಿವೆ. ನಿಮಗೆ ಹತ್ತಿರದ ಬಾಗಿಲಿನಿಂದ ಶುರುಮಾಡಿ, ಒಂದು ದಾಟಿದ ಮೇಲೆ ಇನ್ನೊಂದನ್ನು ನೋಡುತ್ತ ಹೋದರೆ ತಡೆ ಎಲ್ಲಿದೆಯೆಂದು ಸಿಕ್ಕೇ ಸಿಗುತ್ತದೆ.

ಒಂದು ಸೂಚನೆ. ಈ ಲೇಖನದಲ್ಲಿ ಆದೇಶಗಳನ್ನು ಓದುವ ಉಚ್ಚಾರಣೆಯಂತೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ. ಸಣ್ಣಕ್ಷರ, ದೊಡ್ಡಕ್ಷರದ ವ್ಯತ್ಯಾಸ ಇಲ್ಲಿ ಮುಖ್ಯ. ಎಲ್ಲಿ ದೊಡ್ಡಕ್ಷರ ಬೇಕೋ ಅಲ್ಲಿ ಹೇಳಿದ್ದೇನೆ.

ಚಿತ್ರ ಬಿಡಿಸುವವರು ಯಾರು?

ಬಾಗಿಲು ತಟ್ಟುವ ಮೊದಲು ಒಂದು ಸಂಗತಿ ಮನಸ್ಸಿನಲ್ಲಿ ಕೂರಬೇಕು. ಅಂಗಳದಲ್ಲಿ ಮಗಳು ರಂಗೋಲಿ ಹಾಕುತ್ತಿದ್ದಾಳೆ. ಕಲಬುರಗಿಯಲ್ಲಿರುವ ದೊಡ್ಡವ್ವ ಫೋನಿನಲ್ಲಿ ಹೇಳಿಕೊಡುತ್ತಿದ್ದಾಳೆ: “ಏಳು ಚುಕ್ಕಿ ಇಡವ್ವ. ಎಡಕ್ಕೊಂದು ಗೆರಿ ಎಳಿ. ಎಳದಿ ಏನು? ಹಾಂ, ಈಗ ಬಲಕ್ಕ.” ರಂಗೋಲಿಯ ವಿದ್ಯೆ ದೊಡ್ಡವ್ವನದು, ಬಿಡಿಸುವ ಕೈ ಮಗಳದು. ಫೋನಿನಲ್ಲಿ ಹರಿಯುವುದು ರಂಗೋಲಿಯ ಚಿತ್ರವಲ್ಲ, ಬಿಡಿಸುವ ಸೂಚನೆ.

ಲಿನಕ್ಸ್, ಯುನಿಕ್ಸ್ ಲೋಕದ ‘ಎಕ್ಸ್ ವಿಂಡೋ’ ವ್ಯವಸ್ಥೆ ಹುಟ್ಟಿದ್ದು ಇದೇ ಯೋಚನೆಯ ಮೇಲೆ. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಬಾಬ್ ಶೈಫ್ಲರ್, ಜಿಮ್ ಗೆಟಿಸ್ ಮೊದಲಾದವರು ‘ಅಥೀನಾ’ ಯೋಜನೆಗಾಗಿ ಇದನ್ನು ಕಟ್ಟಿದರು. ಇಂದಿಗೂ ಬಳಕೆಯಲ್ಲಿರುವ 11ನೇ ಆವೃತ್ತಿ 1987ರ ಸೆಪ್ಟೆಂಬರಿನದು. ‘ಎಕ್ಸ್11’ ಎನ್ನುವುದು ಅದನ್ನೇ. ಇದರಲ್ಲಿ ದೂರದ ಪ್ರೋಗ್ರಾಮು ದೊಡ್ಡವ್ವ. ಅದರ ಹೆಸರು ‘ಕ್ಲೈಂಟ್’. ನಿಮ್ಮ ಮೇಜಿನ ಮೇಲೆ ಕೂತು ಬಿಡಿಸಿಕೊಡುವ ತಂತ್ರಾಂಶ ಮಗಳು. ಅದರ ಹೆಸರು ‘ಎಕ್ಸ್ ಸರ್ವರ್’. ಸರ್ವರ್ ಎಂದರೆ ದೂರದ ದೊಡ್ಡ ಯಂತ್ರವೇ ಎಂದು ತಿಳಿದವರು ಇಲ್ಲಿ ಮೊದಲು ಎಡವುತ್ತಾರೆ. ಇಲ್ಲಿ ಸೇವೆ ಕೊಡುವುದು ಪರದೆ. ಪರದೆ ನಿಮ್ಮ ಮನೆಯಲ್ಲಿದೆ, ಆದ್ದರಿಂದ ಎಕ್ಸ್ ಸರ್ವರೂ ನಿಮ್ಮ ಮನೆಯಲ್ಲೇ ಇರಬೇಕು.

ನಡುವಿನ ಫೋನು ಎಂದರೆ ಎಸ್‌ಎಸ್‌ಎಚ್. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದು ಕೇಳಿದ್ದು ಗೊತ್ತಾದಾಗ, ಅಲ್ಲಿನ ತಾತು ಯುಲೋನೆನ್ 1995ರಲ್ಲಿ ಬರೆದ ಸುರಕ್ಷಿತ ಸಂಪರ್ಕದ ತಂತ್ರಾಂಶ ಇದು. ಇಂದು ನಾವೆಲ್ಲ ಬಳಸುವ ‘ಓಪನ್ ಎಸ್‌ಎಸ್‌ಎಚ್’ 1999ರಲ್ಲಿ ಬಂತು. ಎಕ್ಸ್‌ನ ಸೂಚನೆಗಳು ಬರಿಗೈಯಲ್ಲಿ ಬಯಲಲ್ಲಿ ನಡೆದುಬಂದರೆ ದಾರಿಯಲ್ಲಿ ಯಾರು ಬೇಕಾದರೂ ಕೇಳಬಹುದು. ಎಸ್‌ಎಸ್‌ಎಚ್ ಅವುಗಳಿಗೆ ಗುಟ್ಟಿನ ಸುರಂಗ ಕೊರೆದುಕೊಡುತ್ತದೆ. ಈ ಕೆಲಸಕ್ಕೆ ‘ಎಕ್ಸ್11 ಫಾರ್ವರ್ಡಿಂಗ್’ ಎಂದು ಹೆಸರು.

ಮೊದಲ ಬಾಗಿಲು: ಮನೆಯಲ್ಲಿ ಬಿಡಿಸುವ ಕೈ ಇದೆಯೇ?

ನಿಮ್ಮದು ಲಿನಕ್ಸ್ ಲ್ಯಾಪ್‌ಟಾಪ್ ಆದರೆ ಸಾಮಾನ್ಯವಾಗಿ ಇದರ ಚಿಂತೆಯಿಲ್ಲ. ಹೊಸ ಉಬುಂಟು, ಫೆಡೋರಾಗಳು ‘ವೇಲ್ಯಾಂಡ್’ ಎಂಬ ಹೊಸ ವ್ಯವಸ್ಥೆಗೆ ಹೋಗಿದ್ದರೂ, ಹಳೆಯ ಎಕ್ಸ್ ಪ್ರೋಗ್ರಾಮುಗಳಿಗಾಗಿ ‘ಎಕ್ಸ್‌ವೇಲ್ಯಾಂಡ್’ ಒಳಗೇ ಇರುತ್ತದೆ.

ವಿಂಡೋಸ್ ಬಳಸುವವರಿಗೆ ಎಕ್ಸ್ ಸರ್ವರ್ ತಾನಾಗಿ ಬರುವುದಿಲ್ಲ. ‘ವಿಸಿಎಕ್ಸ್‌ಸರ್ವ್’, ‘ಎಕ್ಸ್‌ಮಿಂಗ್’ ಇವುಗಳಲ್ಲೊಂದನ್ನು ಹಾಕಿಕೊಳ್ಳಬೇಕು. ಇಲ್ಲವೇ ಎಸ್‌ಎಸ್‌ಎಚ್ ಮತ್ತು ಎಕ್ಸ್ ಸರ್ವರ್ ಎರಡೂ ಒಟ್ಟಿಗಿರುವ ‘ಮೊಬಾಎಕ್ಸ್‌ಟರ್ಮ್’ ಬಳಸಬಹುದು. ಹೊಸಬರಿಗೆ ನಾನು ಹೇಳುವುದು ಈ ಕೊನೆಯದನ್ನೇ. ಹಾಕಿಕೊಂಡರಷ್ಟೇ ಸಾಲದು, ಅದು ಓಡುತ್ತಿರಬೇಕು. ಗಡಿಯಾರದ ಪಕ್ಕದ ಸಣ್ಣ ಐಕಾನುಗಳ ಸಾಲಿನಲ್ಲಿ ಅದರ ಗುರುತು ಕಾಣುತ್ತಿದೆಯೇ ನೋಡಿ. ಕರೆಂಟು ಹೋಗಿ ಯಂತ್ರ ಆರಿ ಮತ್ತೆ ಹೊತ್ತಿಕೊಂಡಾಗ ಎಕ್ಸ್ ಸರ್ವರ್ ತಾನಾಗಿ ಶುರುವಾಗಿರುವುದಿಲ್ಲ. ಸಂಜೆಯ ಆ ಫೋನುಗಳಲ್ಲಿ ಬಹಳಷ್ಟಕ್ಕೆ ಉತ್ತರ ಇಷ್ಟೇ. ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ‘ಡಬ್ಲ್ಯುಎಸ್‌ಎಲ್’ ಇದ್ದವರಿಗೆ, ಈಚಿನ ಆವೃತ್ತಿಗಳಲ್ಲಿ ಚಿತ್ರ ತೋರಿಸುವ ಏರ್ಪಾಡೂ ಸೇರಿಕೊಂಡೇ ಬಂದಿದೆ.

ಆ್ಯಪಲ್ ಮ್ಯಾಕ್ ಬಳಸುವವರು ‘ಎಕ್ಸ್‌ಕ್ವಾರ್ಟ್ಸ್’ ಹಾಕಿಕೊಳ್ಳಬೇಕು. ಹಾಕಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗುವುದನ್ನು ಮರೆಯಬಾರದು.

ಎರಡನೇ ಬಾಗಿಲು: ನೀವು ಕೇಳಿದಿರಾ?

ಎಸ್‌ಎಸ್‌ಎಚ್ ತಾನಾಗಿ ತೆರೆಯುವುದು ಬರಿಯ ಅಕ್ಷರದ ಸಂಪರ್ಕವನ್ನು. ಚಿತ್ರದ ಸುರಂಗವೂ ಬೇಕು ಎಂದು ನೀವು ಬಾಯಿಬಿಟ್ಟು ಕೇಳಬೇಕು. ‘ಎಸ್‌ಎಸ್‌ಎಚ್’ ಎಂದು ಸಣ್ಣಕ್ಷರದಲ್ಲಿ ಬರೆದು, ಜಾಗ ಬಿಟ್ಟು, ಒಂದು ಅಡ್ಡಗೆರೆ ಎಳೆದು ಅದಕ್ಕಂಟಿಕೊಂಡಂತೆ ದೊಡ್ಡಕ್ಷರದ ‘ಎಕ್ಸ್’ ಹಾಕಿ; ಆಮೇಲೆ ಬಳಕೆದಾರರ ಹೆಸರು ಮತ್ತು ಯಂತ್ರದ ವಿಳಾಸ. ಸಣ್ಣಕ್ಷರದ ‘ಎಕ್ಸ್’ ಹಾಕಿದರೆ ಅರ್ಥ ತಲೆಕೆಳಗಾಗುತ್ತದೆ: ಚಿತ್ರದ ಸುರಂಗ ಬೇಡ ಎಂದು ನೀವೇ ಹೇಳಿದಂತೆ. ಒಂದು ಅಕ್ಷರದ ತಪ್ಪಿಗೆ ಇಡೀ ರಾತ್ರಿ ಕಳೆದವರನ್ನು ನಾನು ಬಲ್ಲೆ.

ಎಸ್‌ಎಸ್‌ಎಚ್‌ಗಾಗಿ ‘ಪುಟ್ಟಿ’ ತಂತ್ರಾಂಶ ಬಳಸುವವರು ಕನೆಕ್ಷನ್, ಅದರೊಳಗೆ ಎಸ್‌ಎಸ್‌ಎಚ್, ಅದರೊಳಗೆ ಎಕ್ಸ್11 ಎಂಬ ಪುಟಕ್ಕೆ ಹೋಗಿ ‘ಎನೇಬಲ್ ಎಕ್ಸ್11 ಫಾರ್ವರ್ಡಿಂಗ್’ ಮುಂದಿನ ಚೌಕಕ್ಕೆ ಗುರುತು ಹಾಕಬೇಕು. ಸಂಪರ್ಕ ತೆರೆಯುವ ಮೊದಲೇ ಇದನ್ನು ಮಾಡಿ, ಸೆಷನ್ನನ್ನು ಸೇವ್ ಮಾಡಿಡಿ. ವಿಂಡೋಸಿನ ಸ್ವಂತ ಎಸ್‌ಎಸ್‌ಎಚ್ ಆದೇಶ ಬಳಸುವವರು ತಮ್ಮ ಕಡೆಯ ‘ಡಿಸ್‌ಪ್ಲೇ’ ಎಂಬ ಮೌಲ್ಯವನ್ನು (ಎಲ್ಲವೂ ದೊಡ್ಡಕ್ಷರ) ‘ಲೋಕಲ್‌ಹೋಸ್ಟ್:0.0’ ಎಂದು ಮೊದಲೇ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಮನೆಯ ಪರದೆ ಎಲ್ಲಿದೆಯೆಂದು ಎಸ್‌ಎಸ್‌ಎಚ್‌ಗೇ ತಿಳಿಯುವುದಿಲ್ಲ.

ಒಂದು ಯಂತ್ರದ ಮೂಲಕ ಇನ್ನೊಂದಕ್ಕೆ ಹೋಗುವವರಿಗೆ ಇನ್ನೊಂದು ಮಾತು. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವಾಗ ಮುಂದಿನ ಗಾಡಿಗೂ ಟಿಕೆಟ್ ಇರಬೇಕಲ್ಲವೇ? ಹಾಗೆ, ಮೊದಲ ಯಂತ್ರದಿಂದ ಎರಡನೆಯದಕ್ಕೆ ಎಸ್‌ಎಸ್‌ಎಚ್ ಮಾಡುವಾಗಲೂ ಅದೇ ದೊಡ್ಡ ‘ಎಕ್ಸ್’ ಬೇಕು. ಅದಕ್ಕಿಂತ ಒಳ್ಳೆಯದು ಅಡ್ಡಗೆರೆ ಮತ್ತು ದೊಡ್ಡಕ್ಷರದ ‘ಜೆ’ ಹಾಕಿ ನಡುವಿನ ಯಂತ್ರದ ಹೆಸರು ಕೊಡುವುದು. ಆಗ ಸುರಂಗ ನಿಮ್ಮ ಮನೆಯಿಂದ ಕೊನೆಯ ಯಂತ್ರದವರೆಗೆ ಒಂದೇ ಆಗಿರುತ್ತದೆ. ಸೂಪರ್ ಕಂಪ್ಯೂಟರುಗಳಲ್ಲಿ ನೀವು ಮೊದಲು ತಲುಪುವುದು ಲಾಗಿನ್ ಯಂತ್ರವನ್ನು. ಲೆಕ್ಕ ನಡೆಯುವುದು ಒಳಗಿನ ಬೇರೆ ಯಂತ್ರಗಳಲ್ಲಿ. ಕೆಲಸ ಹಂಚಲು ‘ಸ್ಲರ್ಮ್’ ಬಳಸುವ ಕಡೆ, ಒಳಗಿನ ಯಂತ್ರದ ವಿಂಡೋ ಬೇಕಾದರೆ ‘ಎಸ್‌ರನ್’ ಆದೇಶಕ್ಕೆ ಎರಡು ಅಡ್ಡಗೆರೆ ಮತ್ತು ‘ಎಕ್ಸ್11’ ಸೇರಿಸಬೇಕು.

ಮೂರನೇ ಬಾಗಿಲು: ಆಚೆಯವರು ಒಪ್ಪಿದ್ದಾರೆಯೇ?

ನೀವು ಕೇಳಿದ್ದಕ್ಕೆ ಆಚೆಯ ಯಂತ್ರ ಇಲ್ಲ ಎಂದರೆ ಲಾಗಿನ್ ಆದ ಕೂಡಲೇ ಒಂದು ಸಾಲು ಕಾಣುತ್ತದೆ: ‘ಎಕ್ಸ್11 ಫಾರ್ವರ್ಡಿಂಗ್ ರಿಕ್ವೆಸ್ಟ್ ಫೇಲ್ಡ್ ಆನ್ ಚಾನೆಲ್ 0’. ಸ್ವಾಗತದ ಉದ್ದ ಸಂದೇಶದ ನಡುವೆ ಇದು ಕಣ್ಣಿಗೆ ಬೀಳದೆ ಹೋಗುತ್ತದೆ. ನಿಧಾನವಾಗಿ ಮೇಲಕ್ಕೆ ಸರಿಸಿ ಓದಿ.

ಈ ಸಾಲು ಬಂದರೆ ಕಾರಣ ಬಹುಪಾಲು ಮೂರರಲ್ಲೊಂದು. ಮೊದಲನೆಯದು, ಆ ಯಂತ್ರದ ‘ಎಸ್‌ಎಸ್‌ಎಚ್‌ಡಿ_ಕಾನ್ಫಿಗ್’ ಫೈಲಿನಲ್ಲಿ ‘ಎಕ್ಸ್11ಫಾರ್ವರ್ಡಿಂಗ್’ ಮುಂದೆ ‘ಯೆಸ್’ ಇಲ್ಲ. ಎರಡನೆಯದು, ಅಲ್ಲಿ ‘ಎಕ್ಸ್‌ಆಥ್’ ಎಂಬ ಸಣ್ಣ ಪ್ರೋಗ್ರಾಮೇ ಇಲ್ಲ (ಎಕ್ಸ್, ಎ, ಯು, ಟಿ, ಎಚ್ ಎಂಬ ಐದಕ್ಷರ). ಪರದೆಯಿಲ್ಲದೆ ಓಡಲೆಂದು ಕನಿಷ್ಠ ಸಾಮಗ್ರಿಯಲ್ಲಿ ಕಟ್ಟಿದ ಯಂತ್ರಗಳಲ್ಲಿ ಇದೇ ದೊಡ್ಡ ಕೊರತೆ. ಮೂರನೆಯದು ಸ್ವಲ್ಪ ಗೂಢ: ಆ ಯಂತ್ರದಲ್ಲಿ ಐಪಿ 6ನೇ ಆವೃತ್ತಿಯನ್ನು ಮುಚ್ಚಿದ್ದಾಗ ಎಸ್‌ಎಸ್‌ಎಚ್ ಪರದೆಗೆ ಜಾಗ ಹಿಡಿಯಲಾಗದೆ ಸೋಲುತ್ತದೆ. ಅದೇ ಫೈಲಿನಲ್ಲಿ ‘ಅಡ್ರೆಸ್‌ಫ್ಯಾಮಿಲಿ ಐನೆಟ್’ ಎಂಬ ಸಾಲು ಸೇರಿಸಿದರೆ ಸರಿಹೋಗುತ್ತದೆ. ಫೈಲ್ ತಿದ್ದಿದ ಮೇಲೆ ಎಸ್‌ಎಸ್‌ಎಚ್ ಸೇವೆಯನ್ನು ಮರುಶುರು ಮಾಡಬೇಕು, ನೀವು ಹೊಸದಾಗಿ ಲಾಗಿನ್ ಆಗಬೇಕು.

ಇವು ಆಡಳಿತಗಾರರ ಅಧಿಕಾರದ ಕೆಲಸ. ನಿಮ್ಮ ಕೆಲಸ ಕಾರಣವನ್ನು ಕಂಡುಹಿಡಿದು ತಿಳಿಸುವುದು. ಅದಕ್ಕೆ ಲಾಗಿನ್ ಆಗುವಾಗ ಅಡ್ಡಗೆರೆ ಹಾಕಿ ಸಣ್ಣಕ್ಷರದ ‘ವಿ’ ಸೇರಿಸಿ. ಎಸ್‌ಎಸ್‌ಎಚ್ ತಾನು ಇಡುವ ಒಂದೊಂದು ಹೆಜ್ಜೆಯನ್ನೂ ಹೇಳುತ್ತ ಹೋಗುತ್ತದೆ. ಅದರಲ್ಲಿ ‘ರಿಕ್ವೆಸ್ಟಿಂಗ್ ಎಕ್ಸ್11 ಫಾರ್ವರ್ಡಿಂಗ್’ ಎಂಬ ಸಾಲು ಇದ್ದರೆ ನೀವು ಕೇಳಿದ್ದು ನಿಜ. ಅದೇ ಇಲ್ಲದಿದ್ದರೆ ಎರಡನೇ ಬಾಗಿಲಿಗೆ ವಾಪಸ್ ಹೋಗಿ.

ನಾಲ್ಕನೇ ಬಾಗಿಲು: ವಿಳಾಸ ಸರಿಯಿದೆಯೇ?

ಒಳಗೆ ಹೋದ ಮೇಲೆ ‘ಎಕೋ’ ಎಂದು ಬರೆದು, ಡಾಲರ್ ಗುರುತಿನ ಜೊತೆ ದೊಡ್ಡಕ್ಷರದಲ್ಲಿ ‘ಡಿಸ್‌ಪ್ಲೇ’ ಎಂದು ಟೈಪ್ ಮಾಡಿ. ‘ಲೋಕಲ್‌ಹೋಸ್ಟ್:10.0’ ಎಂಬಂಥ ಉತ್ತರ ಬಂದರೆ ಸುರಂಗ ಸಿದ್ಧವಾಗಿದೆ. ಎಣಿಕೆ 10ರಿಂದ ಶುರುವಾಗುವುದು ಎಸ್‌ಎಸ್‌ಎಚ್‌ನ ರೂಢಿ. ಆ ಯಂತ್ರದ ಸ್ವಂತ ಪರದೆಗಳ ಜೊತೆ ತಾಕಲಾಟ ಬಾರದಿರಲೆಂದು ಮೊದಲ ಸಂಖ್ಯೆಗಳನ್ನು ಅದು ಬಿಟ್ಟುಕೊಡುತ್ತದೆ. ನಿಮಗಿಂತ ಮೊದಲು ಬೇರೆಯವರು ಸೇರಿಕೊಂಡಿದ್ದರೆ ನಿಮಗೆ 11, 12 ಬರಬಹುದು, ಅದೂ ಸರಿಯೇ.

ಉತ್ತರ ಖಾಲಿ ಬಂದರೆ ಹಿಂದಿನ ಮೂರು ಬಾಗಿಲುಗಳಲ್ಲಿ ಯಾವುದೋ ಮುಚ್ಚಿದೆ. ಬರಿ ‘:0’ ಎಂದೋ, ಯಾವುದೋ ಹಳೆಯ ವಿಳಾಸವೋ ಬಂದರೆ ಅಪರಾಧಿ ನಿಮ್ಮದೇ ‘ಬ್ಯಾಷ್‌ಆರ್‌ಸಿ’ ಫೈಲ್. ಹಿಂದೆಂದೋ ಯಾರೋ ಹೇಳಿದರೆಂದು ಅದರಲ್ಲಿ ‘ಡಿಸ್‌ಪ್ಲೇ’ಗೆ ಕೈಯಾರೆ ಮೌಲ್ಯ ಬರೆದಿಟ್ಟಿರುತ್ತೀರಿ. ಎಸ್‌ಎಸ್‌ಎಚ್ ಸರಿಯಾದ ವಿಳಾಸ ಕೊಟ್ಟ ಮೇಲೆ ಆ ಹಳೆಯ ಸಾಲು ಬಂದು ಅದನ್ನು ಒರೆಸಿಹಾಕುತ್ತದೆ. ಆ ಸಾಲನ್ನು ತೆಗೆಯಿರಿ. ದೂರದ ಯಂತ್ರದಲ್ಲಿ ಈ ಮೌಲ್ಯವನ್ನು ನೀವು ಎಂದೂ ಕೈಯಾರೆ ಇಡಬೇಕಾಗಿಲ್ಲ.

ಐದನೇ ಬಾಗಿಲು: ಕೀಲಿಕೈ ಇದೆಯೇ?

ಯಾರೋ ಫೋನು ಮಾಡಿ ನಾನೇ ನಿನ್ನ ದೊಡ್ಡವ್ವ ಎಂದರೆ ಮಗಳು ನಂಬುವುದಿಲ್ಲ. ಅದಕ್ಕೊಂದು ಗುರುತಿನ ಮಾತು ಬೇಕು. ಎಕ್ಸ್‌ನಲ್ಲಿ ಆ ಗುರುತಿಗೆ ‘ಮ್ಯಾಜಿಕ್ ಕುಕಿ’ ಎಂದು ಹೆಸರು. ಲಾಗಿನ್ ಆದಾಗ ಎಸ್‌ಎಸ್‌ಎಚ್ ಒಂದು ಹೊಸ ಗುರುತನ್ನು ಮಾಡಿ, ದೂರದ ಯಂತ್ರದ ನಿಮ್ಮ ಹೋಮ್ ಫೋಲ್ಡರಿನಲ್ಲಿ ‘.ಎಕ್ಸ್‌ಅಥಾರಿಟಿ’ ಎಂಬ ಅಡಗಿದ ಫೈಲಿನಲ್ಲಿ ಬರೆದಿಡುತ್ತದೆ. ಮೊದಲೇ ಹೇಳಿದ ಎಕ್ಸ್‌ಆಥ್ ಬೇಕಾಗುವುದು ಈ ಬರವಣಿಗೆಗೆ.

ಈ ಬಾಗಿಲಿನಲ್ಲಿ ನಾನೇ ಎರಡು ದಿನ ನಿಂತಿದ್ದೆ. ಹಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಯಂತ್ರದಲ್ಲಿ ನಿನ್ನೆಯವರೆಗೆ ಬರುತ್ತಿದ್ದ ವಿಂಡೋ ಒಂದು ಬೆಳಿಗ್ಗೆ ನಿಂತುಹೋಯಿತು. ಎಕ್ಸ್ ಸರ್ವರ್ ಅಳಿಸಿ ಮತ್ತೆ ಹಾಕಿದೆ, ಲ್ಯಾಪ್‌ಟಾಪನ್ನೇ ಬದಲಿಸಿ ನೋಡಿದೆ. ಕಡೆಗೆ ಕಂಡಿದ್ದು ಇಷ್ಟು: ರಾತ್ರಿಯ ಲೆಕ್ಕದ ಫಲಿತಾಂಶಗಳು ನನ್ನ ಹೋಮ್ ಫೋಲ್ಡರನ್ನು ತುಂಬಿಬಿಟ್ಟಿದ್ದವು. ಮೂವತ್ತೆರಡು ಅಕ್ಷರದ ಕೀಲಿಯನ್ನು ಬರೆದಿಡಲೂ ಅಲ್ಲಿ ಜಾಗವಿರಲಿಲ್ಲ. ನಾಲ್ಕು ಹಳೆಯ ಫೈಲು ಅಳಿಸಿದೆ, ಮತ್ತೆ ಲಾಗಿನ್ ಆದೆ, ವಿಂಡೋ ಬಂತು. ಅಂದಿನಿಂದ ‘ಡಿಎಫ್ -ಎಚ್’ ಮತ್ತು ‘ಕೋಟಾ’ ಎಂಬ ಎರಡು ಆದೇಶಗಳನ್ನು ಮೊದಲೇ ಓಡಿಸಿ ಜಾಗ ನೋಡಿಕೊಳ್ಳುತ್ತೇನೆ.

ಇನ್ನೂ ಎರಡು ತೊಡಕು ಇಲ್ಲಿ ಬರುತ್ತವೆ. ‘ಎರರ್ ಇನ್ ಲಾಕಿಂಗ್ ಅಥಾರಿಟಿ ಫೈಲ್’ ಎಂದು ಬಂದರೆ, ಹಿಂದಿನ ಸಂಪರ್ಕ ಅರ್ಧದಲ್ಲಿ ಕಡಿದಾಗ ಉಳಿದ ಬೀಗದ ಫೈಲುಗಳು ಅಲ್ಲಿವೆ, ‘.ಎಕ್ಸ್‌ಅಥಾರಿಟಿ’ ಹೆಸರಿನ ಮುಂದೆ ಅಡ್ಡಗೆರೆ ಮತ್ತು ‘ಸಿ’ ಅಥವಾ ‘ಎಲ್’ ಇರುವ ಆ ಎರಡನ್ನು ಅಳಿಸಿ. ಇನ್ನೊಂದು, ಆ ಫೈಲಿನ ಒಡೆತನ ‘ರೂಟ್’ ಹೆಸರಿಗೆ ಹೋಗಿರುವುದು. ‘ಸುಡೋ’ ಹಾಕಿ ಯಾವುದೋ ಗ್ರಾಫಿಕ್ ಪ್ರೋಗ್ರಾಮು ಓಡಿಸಿದಾಗ ಹೀಗಾಗುತ್ತದೆ. ‘ಎಲ್‌ಎಸ್ -ಎಲ್’ ಮಾಡಿ ಒಡೆಯ ಯಾರೆಂದು ನೋಡಿ. ‘ಸುಡೋ’, ‘ಎಸ್‌ಯು’ ಮಾಡಿ ಬೇರೆ ಬಳಕೆದಾರರಾದಾಗ ಕೀಲಿ ನಿಮ್ಮ ಹಳೆಯ ಹೆಸರಿನಲ್ಲೇ ಉಳಿಯುತ್ತದೆ, ಅದಕ್ಕೇ ವಿಂಡೋ ಬರುವುದಿಲ್ಲ. ಆ ಬಳಕೆದಾರರ ಹೆಸರಿನಲ್ಲೇ ನೇರ ಲಾಗಿನ್ ಆಗುವುದು ಎಲ್ಲಕ್ಕಿಂತ ಶುದ್ಧವಾದ ದಾರಿ.

ಸಣ್ಣದರಿಂದ ಪರೀಕ್ಷಿಸಿ

ಐದೂ ಬಾಗಿಲು ದಾಟಿದಿರಾ ಎಂದು ತಿಳಿಯಲು ದೊಡ್ಡ ಪ್ರೋಗ್ರಾಮು ಕರೆಯಬೇಡಿ. ‘ಎಕ್ಸ್‌ಕ್ಲಾಕ್’ ಅಥವಾ ‘ಎಕ್ಸ್‌ಐಸ್’ ಎಂದು ಟೈಪ್ ಮಾಡಿ. ಮೊದಲನೆಯದು ಗಡಿಯಾರ, ಎರಡನೆಯದು ಮೌಸ್ ಹೋದ ಕಡೆ ನೋಡುವ ಎರಡು ಕಣ್ಣು. ಕಣ್ಣುಗಳು ಮೌಸನ್ನು ಹಿಂಬಾಲಿಸಿದರೆ ಹೋಗುವ ದಾರಿ, ಬರುವ ದಾರಿ ಎರಡೂ ಸರಿ. ಇಷ್ಟಾಗಿಯೂ ನಿಮ್ಮ ದೊಡ್ಡ ಪ್ರೋಗ್ರಾಮು ಬರದಿದ್ದರೆ ತೊಂದರೆ ಆ ಪ್ರೋಗ್ರಾಮಿನದು, ಸಂಪರ್ಕದ್ದಲ್ಲ. ಹುಡುಕುವ ಜಾಗ ಅರ್ಧಕ್ಕಿಂತ ಕಡಿಮೆಯಾಯಿತು.

ವಿಂಡೋ ಬಂತು, ಆದರೆ...

*ಇಪ್ಪತ್ತು ನಿಮಿಷದ ಮೇಲೆ ಹೊಸ ವಿಂಡೋ ತೆರೆಯುತ್ತಿಲ್ಲ.* ದೊಡ್ಡ ‘ಎಕ್ಸ್’ ಹಾಕಿದಾಗ ಎಸ್‌ಎಸ್‌ಎಚ್ ದೂರದ ಯಂತ್ರವನ್ನು ಪೂರ್ತಿ ನಂಬುವುದಿಲ್ಲ. ಕೆಲವು ಅಧಿಕಾರಗಳನ್ನು ತಡೆಹಿಡಿಯುತ್ತದೆ, 20 ನಿಮಿಷದ ನಂತರ ಹೊಸ ವಿಂಡೋಗಳನ್ನು ನಿರಾಕರಿಸುತ್ತದೆ. ‘ಎಕ್ಸ್’ ಬದಲು ದೊಡ್ಡಕ್ಷರದ ‘ವೈ’ ಹಾಕಿದರೆ ಪೂರ್ತಿ ನಂಬಿಕೆಯ ಸಂಪರ್ಕ, ಅವಧಿಯ ಮಿತಿಯಿಲ್ಲ. ಆದರೆ ಆಗ ದೂರದ ಯಂತ್ರದ ಒಡೆತನ ಇದ್ದವರು ಮನಸ್ಸು ಮಾಡಿದರೆ ನಿಮ್ಮ ಪರದೆಯನ್ನೂ ನೀವು ಒತ್ತುವ ಕೀಗಳನ್ನೂ ನೋಡಬಲ್ಲರು. ನೀವು ಬಲ್ಲ, ನಂಬುವ ಯಂತ್ರಕ್ಕೆ ಮಾತ್ರ ‘ವೈ’ ಬಳಸಿ. ಡೆಬಿಯನ್, ಉಬುಂಟುಗಳಲ್ಲಿ ಎರಡೂ ಒಂದೇ ರೀತಿ ನಡೆಯುವಂತೆ ಮೊದಲೇ ಹೊಂದಿಸಿರುತ್ತಾರೆ ಎಂಬುದೂ ನೆನಪಿರಲಿ.

*ತುಂಬ ನಿಧಾನ.* ಮತ್ತೆ ರಂಗೋಲಿಗೆ ಬನ್ನಿ. ದೊಡ್ಡವ್ವ ಗೆರೆಗೊಮ್ಮೆ “ಎಳದಿ ಏನು?” ಎಂದು ಕೇಳುತ್ತಾಳೆ, ಉತ್ತರ ಬಂದ ಮೇಲೆಯೇ ಮುಂದಿನ ಗೆರೆ. ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಮೊಬೈಲ್ ಜಾಲದಲ್ಲಿ 60 ಮಿಲಿಸೆಕೆಂಡು ಹಿಡಿಯುತ್ತದೆ ಎನ್ನಿ. ಮೆನು, ಬಟನ್ನುಗಳನ್ನೆಲ್ಲ ಹಾಕುವಷ್ಟರಲ್ಲಿ ಪ್ರೋಗ್ರಾಮು 500 ಬಾರಿ ಕೇಳಿದರೆ 30 ಸೆಕೆಂಡು ಬರಿ ಕಾಯುವುದರಲ್ಲೇ ಕಳೆಯಿತು. ಡೇಟಾ ಪ್ಯಾಕು ದೊಡ್ಡದು ಹಾಕಿಸಿದರೆ ಇದು ಕಡಿಮೆಯಾಗುವುದಿಲ್ಲ, ಏಕೆಂದರೆ ಕೊರತೆ ಪೈಪಿನ ಅಗಲದ್ದಲ್ಲ, ಹೋಗಿಬರುವ ಹೊತ್ತಿನದು. ‘ಪಿಂಗ್’ ಆದೇಶದಿಂದ ಆ ಹೊತ್ತನ್ನು ಅಳೆಯಿರಿ. ದೊಡ್ಡಕ್ಷರದ ‘ಸಿ’ ಸೇರಿಸಿದರೆ ಎಸ್‌ಎಸ್‌ಎಚ್ ಎಲ್ಲವನ್ನೂ ಕುಗ್ಗಿಸಿ ಕಳಿಸುತ್ತದೆ. ಸಂಪರ್ಕ ಸಣ್ಣದಿದ್ದಾಗ ಅಷ್ಟರಮಟ್ಟಿಗೆ ಹಗುರ. ನಿಜವಾದ ಪರಿಹಾರ ಬೇರೆ ದಾರಿ ಹಿಡಿಯುವುದು. ಅದನ್ನು ಮುಂದೆ ಹೇಳುತ್ತೇನೆ.

*ಕನ್ನಡ ಅಕ್ಷರದ ಜಾಗದಲ್ಲಿ ಚೌಕಗಳು.* ನಮ್ಮವರಿಗೇ ವಿಶೇಷವಾಗಿ ಕಾಡುವ ತೊಂದರೆ ಇದು. ಮನೆಯ ಲ್ಯಾಪ್‌ಟಾಪಿನಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತದೆ, ದೂರದ ವಿಂಡೋದಲ್ಲಿ ಮಾತ್ರ ಖಾಲಿ ಚೌಕ. ಈಗಿನ ಪ್ರೋಗ್ರಾಮುಗಳು ಅಕ್ಷರದ ಆಕಾರವನ್ನು ತಾವು ಓಡುತ್ತಿರುವ ಯಂತ್ರದಲ್ಲೇ ರೂಪಿಸಿ ಕಳಿಸುತ್ತವೆ. ಆದ್ದರಿಂದ ಕನ್ನಡ ಫಾಂಟು ಇರಬೇಕಾದದ್ದು ಅಲ್ಲಿ, ನಿಮ್ಮ ಮನೆಯಲ್ಲಲ್ಲ. ‘ಎಫ್‌ಸಿ-ಲಿಸ್ಟ್’ ಆದೇಶಕ್ಕೆ ‘:ಲ್ಯಾಂಗ್=ಕೆಎನ್’ ಸೇರಿಸಿದರೆ ಅಲ್ಲಿರುವ ಕನ್ನಡ ಫಾಂಟುಗಳ ಪಟ್ಟಿ ಸಿಗುತ್ತದೆ. ಪಟ್ಟಿ ಖಾಲಿಯಾದರೆ ಲೋಹಿತ್ ಕನ್ನಡ, ನೋಟೋ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟುಗಳಲ್ಲೊಂದನ್ನು ನಿಮ್ಮ ಹೋಮ್ ಫೋಲ್ಡರಿನ ‘.ಫಾಂಟ್ಸ್’ ಎಂಬ ಫೋಲ್ಡರಿಗೆ ಹಾಕಿ ‘ಎಫ್‌ಸಿ-ಕ್ಯಾಷ್’ ಓಡಿಸಿ. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಚೌಕದ ಬದಲು ಪ್ರಶ್ನೆಚಿಹ್ನೆಗಳು ಬಂದರೆ ‘ಲ್ಯಾಂಗ್’ ಎಂಬ ಮೌಲ್ಯ ಯುಟಿಎಫ್-8 ಆಗಿದೆಯೇ ನೋಡಿ.

*ಮೂರು ಆಯಾಮದ ಚಿತ್ರ ಬರುತ್ತಿಲ್ಲ.* ಅಣುರಚನೆ, ಯಂತ್ರವಿನ್ಯಾಸ ತೋರಿಸುವ ಪ್ರೋಗ್ರಾಮುಗಳು ‘ಓಪನ್‌ಜಿಎಲ್’ ಬಳಸುತ್ತವೆ. ದೂರದಿಂದ ಅದನ್ನು ಬಿಡಿಸುವ ಹಳೆಯ ವಿಧಾನವನ್ನು ಸುರಕ್ಷತೆಯ ಕಾರಣಕ್ಕೆ ಈಗಿನ ಎಕ್ಸ್ ಸರ್ವರುಗಳು ಮುಚ್ಚಿಟ್ಟಿರುತ್ತವೆ. ಅಂಥ ಕೆಲಸಕ್ಕೆ ‘ವರ್ಚುವಲ್‌ಜಿಎಲ್’ ಅಳವಡಿಸಿದ ಯಂತ್ರವನ್ನು ಕೇಳಿಕೊಳ್ಳಿ.

*ನಡುವೆ ಕಡಿದು ಹೋಯಿತು.* ಫೋನಿನ ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುವಾಗ, ಮಳೆಗಾಲದಲ್ಲಿ, ಕರೆಂಟು ಹೋದಾಗ ಇದು ಖಚಿತ. ಸುಮ್ಮನಿದ್ದಾಗ ಮಾತ್ರ ಕಡಿಯುತ್ತಿದ್ದರೆ ನಿಮ್ಮ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ ‘ಸರ್ವರ್‌ಅಲೈವ್‌ಇಂಟರ್‌ವಲ್ 60’ ಎಂದು ಬರೆಯಿರಿ; ನಿಮಿಷಕ್ಕೊಮ್ಮೆ ಅದು ಇದ್ದೀಯಾ ಎಂದು ವಿಚಾರಿಸುತ್ತ ಸಂಪರ್ಕ ಕಾಯುತ್ತದೆ. ನಿಜವಾಗಿಯೇ ಕಡಿದರೆ ಮಾತ್ರ ಎಕ್ಸ್11ನ ಪ್ರೋಗ್ರಾಮು ಅಲ್ಲೇ ಸಾಯುತ್ತದೆ, ಸೇವ್ ಮಾಡದ ಕೆಲಸವೂ ಅದರ ಜೊತೆಗೇ ಹೋಗುತ್ತದೆ. ಆರು ತಾಸಿನ ಲೆಕ್ಕವನ್ನು ಎಂದೂ ಫಾರ್ವರ್ಡ್ ಮಾಡಿದ ವಿಂಡೋದೊಳಗೆ ಓಡಿಸಬೇಡಿ. ಲೆಕ್ಕವನ್ನು, ಸಂಪರ್ಕ ಕಡಿದರೂ ಕೆಲಸ ನಿಲ್ಲಿಸದ ‘ಟಿಮಕ್ಸ್’ ಒಳಗೆ ಅಕ್ಷರದ ಆದೇಶವಾಗಿ ಓಡಿಸಿ. ಫಲಿತಾಂಶ ನೋಡಲು ಮಾತ್ರ ವಿಂಡೋ ತೆರೆಯಿರಿ.

ನಮ್ಮ ಊರಿನ ಸಂಪರ್ಕಕ್ಕೆ ಒಗ್ಗುವ ಬೇರೆ ದಾರಿಗಳು

ಎಕ್ಸ್11 ಫಾರ್ವರ್ಡಿಂಗ್ ಹುಟ್ಟಿದ್ದು ಒಂದೇ ಆವರಣದೊಳಗಿನ ವೇಗದ ಜಾಲಕ್ಕೆ. ಚಿಂಚೋಳಿಯಿಂದ ಬೆಂಗಳೂರಿನ ಯಂತ್ರಕ್ಕೆ ಮೊಬೈಲ್ ಟವರಿನ ಮೂಲಕ ಸೇರುವವರಿಗೆ ನಾನು ಹೇಳುವ ದಾರಿ ಮೂರು.

‘ಎಕ್ಸ್‌ಪ್ರಾ’ ಎಂಬುದು ಪ್ರೋಗ್ರಾಮನ್ನು ದೂರದಲ್ಲೇ ಬಿಡಿಸಿಟ್ಟು, ಸಿದ್ಧ ಚಿತ್ರವನ್ನು ನಿಮಗೆ ಕಳಿಸುತ್ತದೆ. ಸಂಪರ್ಕ ಕಡಿದರೂ ಪ್ರೋಗ್ರಾಮು ಅಲ್ಲಿ ಬದುಕಿರುತ್ತದೆ. ಕರೆಂಟು ಬಂದ ಮೇಲೆ ಮತ್ತೆ ಸೇರಿಕೊಂಡರೆ ಬಿಟ್ಟ ಜಾಗದಲ್ಲೇ ಇರುತ್ತೀರಿ. ‘ಎಕ್ಸ್2ಗೋ’ ಇದೇ ಅನುಕೂಲವನ್ನು ಇಡೀ ಡೆಸ್ಕ್‌ಟಾಪಿಗೆ ಕೊಡುತ್ತದೆ.

ಎರಡನೆಯದು, ದೂರದ ಇಡೀ ಪರದೆಯನ್ನು ತೋರಿಸುವ ವಿಎನ್‌ಸಿ. ಅದನ್ನು ಬಯಲಿಗೆ ತೆರೆದಿಡದೆ ಎಸ್‌ಎಸ್‌ಎಚ್ ಸುರಂಗದೊಳಗೆ ತರಬೇಕು: ಅಡ್ಡಗೆರೆ, ದೊಡ್ಡಕ್ಷರದ ‘ಎಲ್’, ಆಮೇಲೆ ‘5901:ಲೋಕಲ್‌ಹೋಸ್ಟ್:5901’. ಹೀಗೆ ಸೇರಿಕೊಂಡು, ನಿಮ್ಮ ವಿಎನ್‌ಸಿ ವೀಕ್ಷಕದಲ್ಲಿ ‘ಲೋಕಲ್‌ಹೋಸ್ಟ್:5901’ ತೆರೆದರೆ ದೂರದ ಒಂದನೇ ಪರದೆ ಬರುತ್ತದೆ.

ಮೂರನೆಯದು, ವಿಂಡೋ ನಿಜಕ್ಕೂ ಬೇಕೇ ಎಂದು ಕೇಳಿಕೊಳ್ಳುವುದು. ನಕ್ಷೆಯನ್ನು ಅಲ್ಲೇ ಚಿತ್ರದ ಫೈಲಾಗಿ ಉಳಿಸಿ ‘ಎಸ್‌ಸಿಪಿ’ಯಿಂದ ಇಳಿಸಿಕೊಂಡರೆ ಎಷ್ಟೋ ಬಾರಿ ಕೆಲಸ ಮುಗಿಯುತ್ತದೆ. ‘ಜುಪಿಟರ್’ ಬಳಸುವವರು ಅದೇ ‘ಎಲ್’ ಸುರಂಗದಲ್ಲಿ 8888 ಸಂಖ್ಯೆ ಕೊಟ್ಟು ತಮ್ಮ ಬ್ರೌಸರಿನಲ್ಲೇ ತೆರೆಯಬಹುದು.

ಬೇಸತ್ತು ಮಾಡಬಾರದ ಕೆಲಸಗಳು

ಯಾರಾದರೂ ‘ಎಕ್ಸ್‌ಹೋಸ್ಟ್’ ಎಂದು ಬರೆದು ಪ್ಲಸ್ ಗುರುತು ಹಾಕು, ಸರಿಹೋಗುತ್ತದೆ ಎಂದರೆ ಕೇಳಬೇಡಿ. ಅದು ಬೀಗ ಕೆಟ್ಟಿದೆಯೆಂದು ಬಾಗಿಲನ್ನೇ ಕಿತ್ತಿಟ್ಟಂತೆ. ನಿಮ್ಮ ಪರದೆಗೆ ಯಾರು ಬೇಕಾದರೂ ಬರಬಹುದು. ರೂಟರಿನಲ್ಲಿ 6000ನೇ ಪೋರ್ಟು ತೆರೆಯಬೇಡಿ. ಎಸ್‌ಎಸ್‌ಎಚ್ ಸುರಂಗಕ್ಕೆ ಅದರ ಅಗತ್ಯವೇ ಇಲ್ಲ. ದೂರದ ಯಂತ್ರದ ಗುರುತು ಬದಲಾಗಿದೆ ಎಂದು ಎಸ್‌ಎಸ್‌ಎಚ್ ದೊಡ್ಡದಾಗಿ ಎಚ್ಚರಿಸಿದಾಗ, ಆಡಳಿತಗಾರರನ್ನು ಕೇಳದೆ ಹಳೆಯ ಗುರುತನ್ನು ಅಳಿಸಬೇಡಿ. ಸರಿಮಾಡಿಕೊಡುತ್ತೇನೆ ಎಂದವರಿಗೆ ಪಾಸ್‌ವರ್ಡ್ ಕೊಡಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಟೈಪ್ ಮಾಡಿ.

ಆಡಳಿತಗಾರರಿಗೆ ಬರೆಯುವುದು ಹೇಗೆ?

‘ವಿಂಡೋ ಬರುತ್ತಿಲ್ಲ, ದಯವಿಟ್ಟು ಸರಿಮಾಡಿ’ ಎಂಬ ಪತ್ರಕ್ಕೆ ಉತ್ತರ ಬರುವುದು ತಡ. ಓದುವವರಿಗೆ ಎಲ್ಲಿಂದ ಶುರುಮಾಡಬೇಕೆಂದೇ ಅದರಿಂದ ತಿಳಿಯುವುದಿಲ್ಲ. ಈ ಆರು ಸಂಗತಿ ಬರೆಯಿರಿ:

1. ನಿಮ್ಮ ಕಡೆಯ ಕಾರ್ಯಾಚರಣೆ ವ್ಯವಸ್ಥೆ, ಎಕ್ಸ್ ಸರ್ವರಿನ ಹೆಸರು.
2. ನೀವು ಟೈಪ್ ಮಾಡಿದ ಪೂರ್ಣ ಆದೇಶ.
3. ‘ಡಿಸ್‌ಪ್ಲೇ’ಯ ಮೌಲ್ಯ ಏನು ಬಂತು.
4. ಎಕ್ಸ್‌ಕ್ಲಾಕ್ ತೆರೆಯಿತೇ, ಇಲ್ಲವೇ.
5. ತಪ್ಪಿನ ಸಂದೇಶ, ಇದ್ದ ಹಾಗೆ, ಅಕ್ಷರವೂ ಬಿಡದಂತೆ.
6. ಕೊನೆಯ ಬಾರಿ ಸರಿಯಾಗಿ ನಡೆದದ್ದು ಯಾವಾಗ, ಆಮೇಲೆ ಏನು ಬದಲಾಯಿತು.

ಈ ಆರನ್ನು ಬರೆಯುತ್ತ ಹೋದಂತೆ ಪತ್ರ ಮುಗಿಯುವ ಮೊದಲೇ ಕಾರಣ ತಮಗೇ ಹೊಳೆಯಿತು ಎಂದವರು ಅನೇಕರು.

ಬರೆದಿಡಿ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ‘ಪರಮ್ ಪ್ರವೇಗ’ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ್ದು; ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಅಂಥ ಯಂತ್ರಗಳ ಮುಂದೆ ಯಾರೂ ಕುರ್ಚಿ ಹಾಕಿಕೊಂಡು ಕೂರುವುದಿಲ್ಲ. ಬೆಂಗಳೂರಿನ ಸಂಶೋಧಕರೂ ದೂರದಿಂದಲೇ ಅದಕ್ಕೆ ಸೇರಿಕೊಳ್ಳುತ್ತಾರೆ. ಅನುಮತಿಯಿದ್ದ ಚಿಂಚೋಳಿಯ ವಿದ್ಯಾರ್ಥಿ ತಟ್ಟುವುದೂ ಅದೇ ಬಾಗಿಲುಗಳನ್ನೇ. ವ್ಯತ್ಯಾಸ ಒಂದೇ: ಅವರಿಗೆ ಪಕ್ಕದ ಕೋಣೆಯಲ್ಲಿ ಕೇಳಲು ಜನರಿದ್ದಾರೆ, ಇವನಿಗೆ ಇಲ್ಲ.

ಆ ಕೊರತೆಯನ್ನು ನಾವೇ ತುಂಬಬಹುದು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಸಾವಿರ ವರ್ಷದ ಹಿಂದೆ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರವಿತ್ತು. ಅಲ್ಲಿನ 1058ರ ಶಾಸನ ಗುರುಗಳ, ವಿದ್ಯಾರ್ಥಿಗಳ ಜೊತೆಗೆ ಗ್ರಂಥಭಂಡಾರ ನೋಡಿಕೊಳ್ಳುವವರನ್ನೂ ಹೆಸರಿಸುತ್ತದೆ. ಕಲಿತದ್ದನ್ನು ಮುಂದೆ ಬರುವವರಿಗೆ ಜೋಡಿಸಿಡುವುದೂ ವಿದ್ಯೆಯ ಕೆಲಸವೇ ಎಂದು ಈ ಸೀಮೆಯವರು ಆಗಲೇ ಬಲ್ಲವರಾಗಿದ್ದರು.

ಮುಂದಿನ ಬಾರಿ ವಿಂಡೋ ತೆರೆದಾಗ ಒಂದು ನಿಮಿಷ ನಿಲ್ಲಿ. ಯಾವ ಬಾಗಿಲು ಮುಚ್ಚಿತ್ತು, ಯಾವ ಸಾಲಿನಿಂದ ತೆರೆಯಿತು ಎಂದು ದಿನಾಂಕ ಹಾಕಿ ಕನ್ನಡದಲ್ಲೇ ನೋಟುಬುಕ್ಕಿನಲ್ಲಿ ಬರೆದಿಡಿ. ಶಹಾಬಾದಿನಿಂದಲೋ ಕೊಂಚಾವರದಿಂದಲೋ ಯಾರಾದರೂ “ವಿಂಡೋ ಬರಲ್ಲಾಗ್ಯಾದ್ರಿ” ಎಂದು ಫೋನು ಮಾಡಿದಾಗ ಆ ಪುಟ ತೆರೆದು ಓದಿ ಹೇಳಿ.